ಸಮುದಾಯದ ಒಪ್ಪಿಗೆ ಮತ್ತು ಹಾಡಿನ ಏಳಿಗೆ: ‘ದಿ ಗೆಟ್ ಅಪ್ ಕಿಡ್ಸ್’ ತಂಡವನ್ನು ಕುರಿತ ಒಂದು ವಿವೇಚನೆ

ಜಾನಪದವನ್ನು ಹಳ್ಳಿಯ, ಅನಕ್ಷರಸ್ಥರ, ಗತಕಾಲದ ಸ್ವತ್ತೆಂದು ಭಾವಿಸುವ ಕ್ರಮ ಈ ಅಧ್ಯಯನ ಶಿಸ್ತಿನೊಳಗೇ ಬಹಳ ಹಿಂದೆ ಪ್ರಶ್ನೆಗೊಳಗಾಯಿತು. ಕನಿಷ್ಠ ಒಂದು ಸಮಾನ ಅಂಶವನ್ನು ಹಂಚಿಕೊಂಡ ಯಾವ ಗುಂಪೂ ‘ಜನಪದ’ ಎನಿಸಿಕೊಳ್ಳಬಲ್ಲದೆಂದು ಅಲನ್ ಡಂಡೆಸ್ 1965ರಲ್ಲಿ ವಿವರಿಸಿದರು. ಸಣ್ಣ ಗುಂಪುಗಳೊಳಗೆ ನಡೆಯುವ ಕಲಾತ್ಮಕ ಸಂವಹನವೇ ಜಾನಪದವೆಂದು ಡ್ಯಾನ್ ಬೆನ್ ಅಮೋಸ್ 1971ರಲ್ಲಿ ನಿರ್ವಚಿಸಿದರು. ಕನ್ನಡದ ಜಾನಪದ ತರಗತಿಗಳಲ್ಲಿ ಈ ಎರಡೂ ವ್ಯಾಖ್ಯೆಗಳು ಪರಿಚಿತ. ಆದರೆ ವ್ಯಾಖ್ಯೆಗಳನ್ನು ಒಪ್ಪಿದಷ್ಟು ಸುಲಭವಾಗಿ ಅವುಗಳಿಂದ ಒದಗುವ ಪರಿಣಾಮವನ್ನು ಒಪ್ಪಲಾಗುತ್ತಿಲ್ಲ. ನಗರದ ಹೊರಬಡಾವಣೆಯ ಹುಡುಗರು ಗಿಟಾರ್ ಹಿಡಿದು ಮನೆಯ ನೆಲಮಾಳಿಗೆಯಲ್ಲಿ ಹಾಡಿದರೆ, ಅದನ್ನು ‘ಜನಪ್ರಿಯ ಸಂಗೀತ’ವೆಂಬ ಬೇರೊಂದು ಖಾನೆಗೆ ಸರಿಸಿ ಸುಮ್ಮನಾಗುವುದೇ ರೂಢಿಯಾಗಿದೆ.

ಹೀಗೆ ಸರಿಸಿಬಿಡುವುದರಿಂದ ಆಗುವ ನಷ್ಟ ಸಣ್ಣದಲ್ಲ. ಒಂದು ಹಾಡು ಸಮುದಾಯದ ಒಪ್ಪಿಗೆಯನ್ನು ಪಡೆಯುವುದು ಹೇಗೆ, ಪೇಟೆಗೆ ಹೋದಾಗ ಅದರ ಮೇಲೆ ಯಾರ ಹಕ್ಕು ಉಳಿಯುತ್ತದೆ, ಹಾಡಿದವನು ಬದಲಾಗಬಯಸಿದರೆ ಕೇಳುಗರು ಬಿಡುತ್ತಾರೆಯೇ ಎಂಬ ಪ್ರಶ್ನೆಗಳು ಜಾನಪದದ ಮೂಲಭೂತ ಪ್ರಶ್ನೆಗಳೇ ಆಗಿವೆ. ಹಳೆಯ ಪರಂಪರೆಗಳಲ್ಲಿ ಇವಕ್ಕೆ ಉತ್ತರ ಹುಡುಕುವಾಗ ಶತಮಾನಗಳ ಕತ್ತಲೆ ಅಡ್ಡಬರುತ್ತದೆ. ಇತ್ತೀಚಿನ ಸಣ್ಣ ಗುಂಪುಗಳಲ್ಲಾದರೋ ಇಡೀ ಪ್ರಕ್ರಿಯೆ ಹತ್ತಾರು ವರ್ಷಗಳಲ್ಲಿ, ವರ್ಷ ಹಾಗೂ ಸ್ಥಳಗಳ ದಾಖಲೆಯೊಂದಿಗೆ ಕಣ್ಣೆದುರಿಗಿದೆ. ಈ ದೃಷ್ಟಿಯಿಂದ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1995ರಲ್ಲಿ ಹುಟ್ಟಿದ ‘ದಿ ಗೆಟ್ ಅಪ್ ಕಿಡ್ಸ್’ ಎಂಬ ಸ್ವತಂತ್ರ ಇಮೋ-ಪಾಪ್ ತಂಡ ಒಂದು ಅರ್ಥಪೂರ್ಣ ನಿದರ್ಶನವಾಗಿದೆ. ಈ ತಂಡವನ್ನು ಮೇಲಕ್ಕೆತ್ತಿದ ಶಕ್ತಿಯೂ ಮುಂದೆ ಅದನ್ನು ಕಟ್ಟಿಹಾಕಿದ ಶಕ್ತಿಯೂ ಒಂದೇ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ‘ಇಮೋ’ ಎಂಬ ಹೆಸರು

‘ಇಮೋ’ ಎಂಬುದು ಭಾವುಕತೆಯನ್ನು ಸೂಚಿಸುವ ಇಂಗ್ಲಿಷ್ ಪದದ ಮೊಟಕು ರೂಪ. ಇದರ ಮೂಲ ವಾಷಿಂಗ್ಟನ್ ನಗರದ ಹಾರ್ಡ್‌ಕೋರ್ ಪಂಕ್ ಸಂಗೀತದಲ್ಲಿದೆ. 1980ರ ದಶಕದ ಆರಂಭದಲ್ಲಿ ಈ ಸಂಗೀತ ಅತಿ ವೇಗ, ಅತಿ ಗದ್ದಲ ಮತ್ತು ವ್ಯವಸ್ಥೆಯ ಮೇಲಿನ ಸಿಟ್ಟುಗಳನ್ನು ಮೈಗೂಡಿಸಿಕೊಂಡಿತ್ತು. ಕ್ರಮೇಣ ಕಾರ್ಯಕ್ರಮಗಳಲ್ಲಿ ಹೊಡೆದಾಟ ಹೆಚ್ಚಿತು. ಇದರಿಂದ ಬೇಸತ್ತ ಅದೇ ವಲಯದ ಕೆಲವು ಯುವಕರು ಸಿಟ್ಟನ್ನು ಒಳಮುಖವಾಗಿ ತಿರುಗಿಸಿದರು. 1984ರಲ್ಲಿ ಹುಟ್ಟಿದ ‘ರೈಟ್ಸ್ ಆಫ್ ಸ್ಪ್ರಿಂಗ್’ ತಂಡ ಹಾಗೂ ಇಯಾನ್ ಮೆಕೇ ಅವರ ‘ಎಂಬ್ರೇಸ್’ ತಂಡಗಳು ವಿರಹ, ಪಶ್ಚಾತ್ತಾಪ, ಗೆಳೆತನದ ಮುರಿತಗಳನ್ನು ಅದೇ ಗದ್ದಲದ ನಡುವೆ ಹಾಡಿದವು. ‘ರೈಟ್ಸ್ ಆಫ್ ಸ್ಪ್ರಿಂಗ್’ ತಂಡದ ಆಲ್ಬಂ 1985ರಲ್ಲಿ ಡಿಸ್ಕಾರ್ಡ್ ಸಂಸ್ಥೆಯಿಂದ ಹೊರಬಂತು. 1980ರಲ್ಲಿ ಆರಂಭವಾದ ಈ ಸಂಸ್ಥೆ ಸಂಗೀತಗಾರರೇ ಕಟ್ಟಿ ನಡೆಸಿದ ಧ್ವನಿಮುದ್ರಿಕಾ ಪ್ರಕಾಶನವಾಗಿತ್ತು.

ಗಮನಿಸಬೇಕಾದ ಅಂಶವೆಂದರೆ, ಈ ಹೆಸರನ್ನು ಹಾಡಿದವರು ಯಾರೂ ಇಟ್ಟುಕೊಂಡಿರಲಿಲ್ಲ. ಅದು ಲೇವಡಿಯ ಧಾಟಿಯಲ್ಲಿ ಹುಟ್ಟಿ ಅಂಟಿಕೊಂಡ ಹೆಸರು. ಮೊದಲ ತಲೆಮಾರಿನವರು ಅದನ್ನು ತಿರಸ್ಕರಿಸಿದರು. ಅನಂತರದವರೂ ಅದರ ಬಗ್ಗೆ ಮುಜುಗರಪಟ್ಟರು. ಸಮುದಾಯವೊಂದು ತನ್ನನ್ನು ಕರೆದುಕೊಳ್ಳುವ ಬಗೆಗೂ ಹೊರಗಿನವರು ಅದನ್ನು ಕರೆಯುವ ಬಗೆಗೂ ಇರುವ ಅಂತರವನ್ನು ಜಾನಪದ ಕ್ಷೇತ್ರಕಾರ್ಯ ಮಾಡಿದವರೆಲ್ಲ ಬಲ್ಲರು. ಇಮೋ ಸಹ ಅಂಥದೊಂದು ಹೊರಗಿನ ಹೆಸರು. ಒಳಗಿನವರಿಗೆ ಅದು ಬರಿಯ ‘ನಮ್ಮವರ ಹಾಡು’.

1990ರ ದಶಕದಲ್ಲಿ ಈ ಸಂಗೀತ ಕರಾವಳಿಯ ಮಹಾನಗರಗಳಿಂದ ದೇಶದ ಒಳನಾಡಿಗೆ ಸರಿಯಿತು. ಸಿಯಾಟಲ್‌ನ ‘ಸನ್ನಿ ಡೇ ರಿಯಲ್ ಎಸ್ಟೇಟ್’ 1994ರಲ್ಲಿ ‘ಡೈರಿ’ ಎಂಬ ಆಲ್ಬಂ ಮೂಲಕ ಇಮೋಗೆ ಇಂಪನ್ನು ತಂದುಕೊಟ್ಟಿತು. ಶಿಕಾಗೋದಲ್ಲಿ ‘ಕ್ಯಾಪ್ಟನ್ ಜಾಝ್’, ಇಲಿನಾಯ್ ವಿಶ್ವವಿದ್ಯಾಲಯದ ಪಟ್ಟಣದಲ್ಲಿ ‘ಬ್ರೇಯ್ಡ್’, ಮಿಲ್ವಾಕಿಯಲ್ಲಿ ‘ದಿ ಪ್ರಾಮಿಸ್ ರಿಂಗ್’, ಅರಿಝೋನಾದ ಮೇಸಾದಲ್ಲಿ ‘ಜಿಮ್ಮಿ ಈಟ್ ವರ್ಲ್ಡ್’ ತಂಡಗಳು ಕಾಣಿಸಿಕೊಂಡವು. ಗದ್ದಲವನ್ನು ಪೂರ್ತಿ ಬಿಡದೆ, ಕೂಡಲೇ ಬಾಯಿಗೆ ಬರುವ ಪಲ್ಲವಿಯನ್ನು ಕಟ್ಟುವ ಪ್ರವೃತ್ತಿ ಇಲ್ಲಿ ಬಲಿಯಿತು. ಇಮೋ-ಪಾಪ್ ಎಂದು ಅನಂತರ ಗುರುತಿಸಲಾದ ರೂಪ ಇದೇ. ‘ದಿ ಗೆಟ್ ಅಪ್ ಕಿಡ್ಸ್’ ತಂಡದಲ್ಲಿ ಅದು ಅತ್ಯಂತ ಸ್ಪಷ್ಟವಾದ ಆಕಾರವನ್ನು ಪಡೆಯಿತು.

2. ತಂಡದ ಹುಟ್ಟು

ಕಾನ್ಸಾಸ್ ಸಿಟಿ ಮಿಸೌರಿ ಮತ್ತು ಕಾನ್ಸಾಸ್ ರಾಜ್ಯಗಳ ಗಡಿಯ ಮೇಲೆ ಹರಡಿಕೊಂಡ ಊರು. 1930ರ ದಶಕದಲ್ಲಿ ಕೌಂಟ್ ಬೇಸಿ, ಚಾರ್ಲಿ ಪಾರ್ಕರ್ ಅವರಂಥ ಜಾಝ್ ಕಲಾವಿದರನ್ನು ಬೆಳೆಸಿದ ಕೀರ್ತಿ ಇದರದು. ಆದರೆ 1990ರ ದಶಕದ ಹೊರಬಡಾವಣೆಯ ಹುಡುಗರಿಗೆ ಆ ಪರಂಪರೆಯೊಡನೆ ನೇರ ಸಂಬಂಧವಿರಲಿಲ್ಲ. ಅವರಿಗೆ ದೊರೆತದ್ದು ಗೆಳೆಯರಿಂದ ಗೆಳೆಯರಿಗೆ ದಾಟುತ್ತಿದ್ದ ಕ್ಯಾಸೆಟ್‌ಗಳು ಮತ್ತು ಊರಿನ ಪಂಕ್ ಕಾರ್ಯಕ್ರಮಗಳು. ಮ್ಯಾಟ್ ಪ್ರಯರ್, ಜಿಮ್ ಸಪ್ಟಿಕ್ ಮತ್ತು ರಾಬ್ ಪೋಪ್ 1995ರಲ್ಲಿ ಈ ತಂಡವನ್ನು ಕಟ್ಟಿದರು. ಪ್ರಯರ್ ಮುಖ್ಯ ಗಾಯಕ. ಸಪ್ಟಿಕ್ ಗಿಟಾರಿನ ಜೊತೆಗೆ ಎರಡನೆಯ ದನಿ. ರಾಬ್ ಪೋಪ್ ಬೇಸ್ ಗಿಟಾರ್. ಆರಂಭದ ಡ್ರಮ್ ವಾದಕ ಬಿಟ್ಟುಹೋದ ಬಳಿಕ ರಾಬ್ ಅವರ ತಮ್ಮ ರಯನ್ ಪೋಪ್ ಸೇರಿಕೊಂಡರು. ಆಗ ಅವರಿನ್ನೂ ಪ್ರೌಢಶಾಲೆಯ ವಿದ್ಯಾರ್ಥಿ.

ತಂಡದ ಮೊದಲ ಹೆಸರಿನಲ್ಲಿ ‘ಸಬರ್ಬನ್’, ಅಂದರೆ ಹೊರಬಡಾವಣೆಯ, ಎಂಬ ವಿಶೇಷಣವಿತ್ತು. ಅದನ್ನು ಬೇಗನೆ ಕೈಬಿಡಲಾಯಿತು. ಆದರೂ ಆ ವಿಶೇಷಣ ಈ ಗುಂಪಿನ ಸಾಮಾಜಿಕ ನೆಲೆಯನ್ನು ಸರಿಯಾಗಿ ಹೇಳುತ್ತದೆ. ಇವರು ಬಡವರೂ ಅಲ್ಲ, ಸಿರಿವಂತರೂ ಅಲ್ಲ. ಕಾರಿಲ್ಲದೆ ಎಲ್ಲಿಗೂ ಹೋಗಲಾಗದ, ಸಂಜೆಯಾದರೆ ಸೇರಲು ಕಟ್ಟೆಯಿಲ್ಲದ ಬಡಾವಣೆಗಳ ಮಕ್ಕಳು. ಅಂಥ ಊರಿನಲ್ಲಿ ನೆಲಮಾಳಿಗೆ ಮತ್ತು ಕಾರುಕೊಟ್ಟಿಗೆಗಳೇ ಕಟ್ಟೆಯ ಕೆಲಸ ಮಾಡಿದವು.

1996ರಲ್ಲಿ ತಂಡವು ತನ್ನ ಮೊದಲ ಏಳಂಗುಲದ ಮುದ್ರಿಕೆಯನ್ನು ತಾನೇ ಹೊರತಂದಿತು. ಬಳಿಕ ಓಹಾಯೋದ ಟೊಲೀಡೊ ನಗರದ ಡಾಗ್‌ಹೌಸ್ ಎಂಬ ಸಣ್ಣ ಸಂಸ್ಥೆ ಇವರನ್ನು ಸೇರಿಸಿಕೊಂಡಿತು. ಇದೇ ಸುಮಾರಿಗೆ ಊರಿನ ಇನ್ನೊಂದು ತಂಡ ‘ಕೋಲೆಸ್’ ಜೊತೆ ಸೇರಿ ಒಂದೇ ಮುದ್ರಿಕೆಯ ಎರಡು ಬದಿಗಳನ್ನು ಹಂಚಿಕೊಂಡರು. ಅದರಲ್ಲಿ ಒಂದು ತಂಡದ ಹಾಡನ್ನು ಇನ್ನೊಂದು ತಂಡ ಹಾಡಿದೆ. ‘ಕೋಲೆಸ್’ನದು ಕಿವಿಗಡಚಿಕ್ಕುವ ಆರ್ಭಟದ ಶೈಲಿ; ಇವರದು ಇಂಪಿನ ಕಡೆಗೆ ವಾಲಿದ ಶೈಲಿ. ಒಂದೇ ಊರಿನ ಎರಡು ಮೇಳಗಳು ಪರಸ್ಪರರ ಹಾಡನ್ನು ತಮ್ಮ ಧಾಟಿಗೆ ಹೊರಳಿಸಿಕೊಂಡ ಈ ಪ್ರಸಂಗ ಪಾಠಾಂತರದ ಅಧ್ಯಯನಕ್ಕೆ ಒಳ್ಳೆಯ ಸಾಮಗ್ರಿ. ಆ ವಲಯದಲ್ಲಿ ಹಾಡು ಇನ್ನೂ ಖಾಸಗಿ ಆಸ್ತಿಯ ಬಿಗುವನ್ನು ಪಡೆದಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿ. ಮುಂದೆ ‘ಕೋಲೆಸ್’ನ ಡ್ರಮ್ ವಾದಕ ಜೇಮ್ಸ್ ಡ್ಯೂಯೀಸ್ ಅವರೇ 1999ರ ಹೊತ್ತಿಗೆ ಈ ತಂಡಕ್ಕೆ ಕೀಬೋರ್ಡ್ ವಾದಕರಾಗಿ ಬಂದರು.

3. ಸಂಚಾರದ ಜಾಲ

ಈ ತಂಡದ ಏಳಿಗೆಯನ್ನು ಅರಿಯಬೇಕಾದರೆ ಅದು ಸಂಚರಿಸಿದ ಜಾಲವನ್ನು ಅರಿಯಬೇಕು. ಅಮೆರಿಕದಲ್ಲಿ 1984ರ ಕಾಯಿದೆಯ ಪರಿಣಾಮವಾಗಿ ಮದ್ಯ ಸೇವನೆಯ ಕನಿಷ್ಠ ವಯಸ್ಸು ಎಲ್ಲ ರಾಜ್ಯಗಳಲ್ಲಿ 21ಕ್ಕೆ ಏರಿತು. ಸಂಗೀತ ನಡೆಯುತ್ತಿದ್ದ ಕ್ಲಬ್ಬುಗಳ ಆದಾಯದ ಮೂಲ ಮದ್ಯವಾದ್ದರಿಂದ ಹದಿನಾರು ಹದಿನೇಳರ ಹರೆಯದವರಿಗೆ ಬಹುಪಾಲು ಬಾಗಿಲುಗಳು ಮುಚ್ಚಿದವು. ಹೀಗಾಗಿ ಈ ವಯಸ್ಸಿನವರ ಸಂಗೀತ ಮನೆಯ ನೆಲಮಾಳಿಗೆ, ಚರ್ಚಿನ ಸಭಾಂಗಣ, ಮಾಜಿ ಸೈನಿಕರ ಸಂಘದ ಹಾಲ್, ಕಾಲೇಜು ವಸತಿಗೃಹಗಳನ್ನು ಆಶ್ರಯಿಸಿತು. ಎಲ್ಲ ವಯಸ್ಸಿನವರಿಗೂ ಪ್ರವೇಶ ಮತ್ತು ಕಡಿಮೆ ದರ ಎಂಬುದು ಈ ವಲಯದ ನೀತಿಯೇ ಆಯಿತು. ಇಯಾನ್ ಮೆಕೇ ಅವರ ‘ಫುಗಾಝಿ’ ತಂಡ ಪ್ರವೇಶ ದರವನ್ನು ಐದು ಡಾಲರ್ ಆಸುಪಾಸಿನಲ್ಲೇ ಇರಿಸಿಕೊಂಡದ್ದು ಉಳಿದವರಿಗೆ ಮೇಲ್ಪಂಕ್ತಿಯಾಯಿತು.

ಸ್ಯಾನ್ ಫ್ರಾನ್ಸಿಸ್ಕೋದ ‘ಮ್ಯಾಕ್ಸಿಮಮ್ ರಾಕ್‌ಅಂಡ್‌ರೋಲ್’ ಪತ್ರಿಕೆ 1990ರ ದಶಕದಲ್ಲಿ ಒಂದು ವಿಳಾಸ ಪುಸ್ತಿಕೆಯನ್ನು ಪ್ರಕಟಿಸುತ್ತಿತ್ತು. ಯಾವ ಊರಿನಲ್ಲಿ ಯಾರು ಕಾರ್ಯಕ್ರಮ ಏರ್ಪಡಿಸುತ್ತಾರೆ, ಎಲ್ಲಿ ಮಲಗಲು ಜಾಗ ಸಿಗುತ್ತದೆ, ಯಾವ ಅಂಗಡಿ ಮುದ್ರಿಕೆಗಳನ್ನು ಮಾರುತ್ತದೆ ಎಂಬ ವಿವರಗಳು ಅದರಲ್ಲಿದ್ದವು. ಒಂದು ವ್ಯಾನು, ಈ ಪುಸ್ತಿಕೆ, ಒಂದು ದೂರವಾಣಿ ಇದ್ದರೆ ಅಪರಿಚಿತ ತಂಡವೊಂದು ದೇಶವನ್ನು ಸುತ್ತಬಹುದಿತ್ತು. ರಾತ್ರಿ ಹಾಡಿ, ಕೇಳುಗರೊಬ್ಬರ ಮನೆಯ ನೆಲದ ಮೇಲೆ ಮಲಗಿ, ಬೆಳಿಗ್ಗೆ ಮುಂದಿನ ಊರಿಗೆ ಹೊರಡುವುದು ದಿನಚರಿ. ಆತಿಥ್ಯದ ಋಣದ ಮೇಲೆ ನಿಂತ ಸಂಚಾರವಿದು. ಊರಿಂದೂರಿಗೆ ತಿರುಗುವ ವೃತ್ತಿಗಾಯಕರ ಪರಂಪರೆಗಳನ್ನು ಬಲ್ಲವರಿಗೆ ಇದರ ಸ್ವರೂಪ ಸುಲಭವಾಗಿ ಅರ್ಥವಾಗುತ್ತದೆ. ಆದರೆ ಒಂದು ಮುಖ್ಯ ವ್ಯತ್ಯಾಸವನ್ನು ಮರೆಯಬಾರದು. ವೃತ್ತಿಗಾಯಕರಿಗೆ ಕುಲ, ದೈವ, ಒಕ್ಕಲುಗಳ ಮೂಲಕ ಬಂದ ಹಕ್ಕಿನ ಮನೆಗಳಿರುತ್ತವೆ. ಇವರಿಗಾದರೋ ಪ್ರತಿ ಊರಿನಲ್ಲೂ ಹಕ್ಕನ್ನು ಹಾಡಿಯೇ ಗಳಿಸಿಕೊಳ್ಳಬೇಕಾಗಿತ್ತು.

ಈ ಸ್ಥಿತಿ ಹಾಡಿನ ರೂಪವನ್ನು ನಿರ್ಧರಿಸಿತು. ನೆಲಮಾಳಿಗೆಯಲ್ಲಿ ವೇದಿಕೆಯಿರುವುದಿಲ್ಲ, ಗಾಯಕನಿಗೂ ಮೊದಲ ಸಾಲಿನ ಕೇಳುಗನಿಗೂ ನಡುವೆ ಒಂದು ಮೊಳದ ಅಂತರ. ಧ್ವನಿವರ್ಧಕ ಕಳಪೆಯಾದ್ದರಿಂದ ಮಾತುಗಳು ಸ್ಪಷ್ಟವಾಗಿ ಕೇಳುವುದಿಲ್ಲ. ಕೇಳುಗರು ಒಟ್ಟಾಗಿ ದನಿಗೂಡಿಸಿದಾಗ ಮಾತ್ರ ಹಾಡು ತುಂಬಿಕೊಳ್ಳುತ್ತದೆ. ಆದ್ದರಿಂದ ಒಮ್ಮೆ ಕೇಳಿದರೆ ನೆನಪಿನಲ್ಲಿ ನಿಲ್ಲುವ, ಎರಡನೆಯ ಸಲ ಕೂಡಿ ಹಾಡಬಹುದಾದ ಪಲ್ಲವಿ ಇಲ್ಲಿ ಅಗತ್ಯವೇ ಆಯಿತು. ಮಲೆ ಮಾದೇಶ್ವರ ಕಾವ್ಯದ ಹಾಡಿಕೆಯಲ್ಲಿ ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುವಂತೆ, ಇಲ್ಲಿ ಸೇರಿದ ಹುಡುಗ ಹುಡುಗಿಯರೇ ಹಿಮ್ಮೇಳವಾದರು. ಇಮೋ-ಪಾಪ್‌ನ ‘ಪಾಪ್’ ಗುಣವನ್ನು ಪೇಟೆಯ ಆಮಿಷವೆಂದು ಹೀಗಳೆಯುವ ವಿಮರ್ಶಕರು ಈ ಅಂಶವನ್ನು ಗಮನಿಸಿದಂತಿಲ್ಲ. ಆ ಗುಣ ಪೇಟೆಗೆ ಮೊದಲೇ ನೆಲಮಾಳಿಗೆಯಲ್ಲಿ ಹುಟ್ಟಿತ್ತು.

4. ಎರಡು ಆಲ್ಬಂಗಳು

ತಂಡದ ಮೊದಲ ಆಲ್ಬಂ ‘ಫೋರ್ ಮಿನಿಟ್ ಮೈಲ್’ 1997ರಲ್ಲಿ ಬಂತು. ‘ಶೆಲ್ಯಾಕ್’ ತಂಡದ ಬಾಬ್ ವೆಸ್ಟನ್ ಅದನ್ನು ಶಿಕಾಗೋದಲ್ಲಿ ಮುದ್ರಿಸಿದರು. ರಯನ್ ಪೋಪ್ ಅವರ ಶಾಲೆ ಮುಗಿಯುವುದನ್ನು ಕಾದು, ಸುಮಾರು 800 ಕಿಲೋಮೀಟರ್ ದೂರ ಪಯಣಿಸಿ, ಒಂದೇ ವಾರಾಂತ್ಯದಲ್ಲಿ ಹನ್ನೊಂದು ಹಾಡುಗಳನ್ನು ಮುಗಿಸಿದ ವೃತ್ತಾಂತವನ್ನು ತಂಡದ ಅಭಿಮಾನಿಗಳು ಇಂದಿಗೂ ಹೇಳಿಕೊಳ್ಳುತ್ತಾರೆ. ಆ ಅವಸರ ಹಾಡಿನಲ್ಲಿ ಕೇಳುತ್ತದೆ. ಪ್ರಯರ್ ಅವರ ದನಿ ಮೇಲಿನ ಸ್ಥಾಯಿಯಲ್ಲಿ ಒಡೆಯುತ್ತದೆ. ಎರಡು ದನಿಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಒಡೆದ ದನಿಯನ್ನು ತಿದ್ದದೆ ಉಳಿಸಿಕೊಂಡದ್ದೇ ಈ ಆಲ್ಬಮಿನ ಶಕ್ತಿ. ತಿದ್ದಿದ ದನಿಯ ಎದುರು ಕೇಳುಗ ಸುಮ್ಮನೆ ಕೂರುತ್ತಾನೆ. ಒಡೆದ ದನಿಯ ಜೊತೆ ತಾನೂ ಹಾಡಬಲ್ಲೆನೆಂಬ ಧೈರ್ಯ ತಾಳುತ್ತಾನೆ. ಇದರ ಒಂದು ಹಾಡಿನ ಶೀರ್ಷಿಕೆ ಎಸ್. ಇ. ಹಿಂಟನ್ ಅವರ 1967ರ ‘ದಿ ಔಟ್‌ಸೈಡರ್ಸ್’ ಕಾದಂಬರಿಯಿಂದ ಬಂದುದು. ಅಮೆರಿಕದ ಶಾಲಾಮಕ್ಕಳು ಸಾಮಾನ್ಯವಾಗಿ ಓದುವ ಕಾದಂಬರಿಯದು. ಗುಂಪಿನ ಎಲ್ಲರೂ ಬಲ್ಲ ಪಠ್ಯವೊಂದನ್ನು ಸೂಚನೆಯ ಮಾತ್ರದಿಂದ ಎಬ್ಬಿಸುವ ಈ ಕ್ರಮ ಸಮುದಾಯದ ಹಾಡುಗಾರಿಕೆಯ ಲಕ್ಷಣವೇ ಆಗಿದೆ.

1999ರ ಸೆಪ್ಟೆಂಬರಿನಲ್ಲಿ ಎರಡನೆಯ ಆಲ್ಬಂ ‘ಸಮ್‌ಥಿಂಗ್ ಟು ರೈಟ್ ಹೋಮ್ ಅಬೌಟ್’ ಹೊರಬಂತು. ಈ ಶೀರ್ಷಿಕೆ ಇಂಗ್ಲಿಷಿನ ಒಂದು ನುಡಿಗಟ್ಟು; ‘ಹೇಳಿಕೊಳ್ಳುವಂಥದ್ದು’ ಎಂಬುದು ಅದರ ರೂಢಾರ್ಥ, ‘ಮನೆಗೆ ಬರೆದು ತಿಳಿಸುವಂಥದ್ದು’ ಎಂಬುದು ಮೂಲಾರ್ಥ. ಎರಡೂ ಅರ್ಥಗಳು ಇಲ್ಲಿ ದುಡಿಯುತ್ತವೆ. ವರ್ಷದ ಬಹುಭಾಗ ವ್ಯಾನಿನಲ್ಲಿ ಕಳೆಯುವ ಇಪ್ಪತ್ತು ಇಪ್ಪತ್ತೊಂದರ ಯುವಕರಿಗೆ ಮನೆ ಎಂಬುದು ದೂರವಾಣಿ ಕರೆ ಮತ್ತು ಕಾಗದಗಳಿಗೆ ಇಳಿದಿತ್ತು. ದೂರ, ಅಗಲಿಕೆ, ಮರಳಿ ಬಂದಾಗ ಬದಲಾಗಿರುವ ಗೆಳೆಯರು, ಮಾತು ಉಳಿಸಿಕೊಳ್ಳಲಾಗದ ಅಪರಾಧಪ್ರಜ್ಞೆ ಹನ್ನೆರಡು ಹಾಡುಗಳ ಉದ್ದಕ್ಕೂ ಹರಿದಿವೆ. ಡ್ಯೂಯೀಸ್ ಅವರ ಕೀಬೋರ್ಡ್ ಹಿಂದಿನ ಒರಟುತನಕ್ಕೆ ಮೆರುಗು ತಂದಿತು. ವೇಗದ ಹಾಡುಗಳ ನಡುವೆ ನಿಧಾನಗತಿಯ ಹಾಡುಗಳಿಗೂ ಎಡೆ ದೊರೆಯಿತು. ಕೊನೆಯದು ಪಿಯಾನೋ ನೆರವಿನ ಆಶ್ವಾಸನೆಯ ಹಾಡು. ಕಲಾವಿದ ಟ್ರಾವಿಸ್ ಮಿಲ್ಲರ್ಡ್ ರಚಿಸಿದ ಮುಖಪುಟದಲ್ಲಿ ಎರಡು ಯಂತ್ರಮಾನವರು ಆತುಕೊಂಡು ಕುಳಿತಿದ್ದಾರೆ. ಯಂತ್ರಕ್ಕೂ ಆಸರೆ ಬೇಕೆಂಬ ಆ ಚಿತ್ರ ಅಭಿಮಾನಿಗಳ ನಡುವೆ ತಂಡದ ಲಾಂಛನದಂತೆಯೇ ಉಳಿದಿದೆ.

ಈ ಆಲ್ಬಮಿನ ಮಹತ್ವವಿರುವುದು ಹೊಸ ವಸ್ತುವಿನಲ್ಲಿ ಅಲ್ಲ. ಅಗಲಿಕೆಯನ್ನು ಹಾಡದ ಪರಂಪರೆ ಲೋಕದಲ್ಲಿಲ್ಲ. ಹಾಡಿದವರ ಅಗಲಿಕೆ ಕೇಳಿದವರ ಅಗಲಿಕೆಯೊಂದಿಗೆ ಸರಿಯಾಗಿ ಕೂಡಿಕೊಂಡದ್ದರಲ್ಲಿ ಅದರ ಮಹತ್ವವಿದೆ. ಪ್ರೌಢಶಾಲೆ ಮುಗಿಸಿ ದೂರದ ಕಾಲೇಜಿಗೆ ಹೊರಡುವುದು ಅಮೆರಿಕದ ಮಧ್ಯಮ ವರ್ಗದ ಮಕ್ಕಳ ಬದುಕಿನ ದೊಡ್ಡ ಸಂಕ್ರಮಣ. ಈ ಸಂಕ್ರಮಣಕ್ಕೆ ಆ ಸಮಾಜದಲ್ಲಿ ಸಮಾರಂಭವಿದೆ. ಆದರೆ ಅಳಲು ಒಂದು ಹಾಡಿರಲಿಲ್ಲ. ಆ ಕೊರತೆಯನ್ನು ಈ ಹಾಡುಗಳು ತುಂಬಿದವು.

5. ಸ್ವಾತಂತ್ರ್ಯದ ಅರ್ಥ

ಸಂಗೀತೋದ್ಯಮದ ಪರಿಭಾಷೆಯಲ್ಲಿ ‘ಸ್ವತಂತ್ರ’ ಎಂದರೆ ದೊಡ್ಡ ಕಂಪನಿಗಳ ಒಡೆತನಕ್ಕೆ ಒಳಪಡದ್ದು. 1991ರಲ್ಲಿ ‘ನಿರ್ವಾಣ’ ತಂಡ ಪಡೆದ ಯಶಸ್ಸಿನ ನಂತರ ದೊಡ್ಡ ಕಂಪನಿಗಳು ಸಣ್ಣ ವಲಯಗಳಿಗೆ ಬಲೆ ಬೀಸಿದ್ದವು. ಹೋದವರ ಅನುಭವ ಸಿಹಿಯಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ‘ಜಾಬ್ರೇಕರ್’ ತಂಡ 1995ರಲ್ಲಿ ಗೆಫೆನ್ ಬಳಗದಿಂದ ಆಲ್ಬಂ ತಂದಾಗ ಹಳೆಯ ಕೇಳುಗರು ಅದನ್ನು ದ್ರೋಹವೆಂದು ಕಂಡರು. ಆ ಹಾಡುಗಳು ಬಂದಾಗ ಕೆಲವರು ವೇದಿಕೆಗೆ ಬೆನ್ನು ಮಾಡಿ ಕುಳಿತರೆಂಬ ಕಥೆ ಆ ವಲಯದಲ್ಲಿ ಐತಿಹ್ಯದಂತೆ ಉಳಿದಿದೆ. ಮರುವರ್ಷವೇ ತಂಡ ಚದುರಿತು. ‘ಜಿಮ್ಮಿ ಈಟ್ ವರ್ಲ್ಡ್’ ಕ್ಯಾಪಿಟಲ್ ಕಂಪನಿಗೆ ಹೋಗಿ, ಎರಡು ಆಲ್ಬಂಗಳ ನಂತರ ಹೊರಬಿದ್ದು, ಮುಂದಿನದನ್ನು ಸ್ವಂತ ಹಣದಲ್ಲಿ ಮುದ್ರಿಸಬೇಕಾಯಿತು. ಅದೇ 2001ರಲ್ಲಿ ಡ್ರೀಮ್‌ವರ್ಕ್ಸ್ ಮೂಲಕ ಬಂದು ಭಾರಿ ಯಶಸ್ಸು ಕಂಡದ್ದು ಬೇರೆ ಮಾತು.

‘ದಿ ಗೆಟ್ ಅಪ್ ಕಿಡ್ಸ್’ ಕೂಡ ಮೋಜೋ ಎಂಬ ಕಂಪನಿಯೊಡನೆ ದೀರ್ಘ ಮಾತುಕತೆ ನಡೆಸಿತು, ಅದು ಮುರಿದುಬಿತ್ತು. ಕೊನೆಗೆ ಲಾಸ್ ಏಂಜಲೀಸ್‌ನ ವೇಗ್ರಂಟ್ ಎಂಬ ಸಣ್ಣ ಸಂಸ್ಥೆಯನ್ನು ಆಯ್ದುಕೊಂಡಿತು. ರಿಚ್ ಈಗನ್ ಮತ್ತು ಜಾನ್ ಕೋಹೆನ್ ನಡೆಸುತ್ತಿದ್ದ ಈ ಸಂಸ್ಥೆಯ ಬಳಿ ಬಂಡವಾಳವಿರಲಿಲ್ಲ. ಆಲ್ಬಮಿನ ವೆಚ್ಚಕ್ಕಾಗಿ ಕೋಹೆನ್ ಅವರ ತಂದೆತಾಯಿ ತಮ್ಮ ಮನೆಯನ್ನು ಅಡವಿಟ್ಟು ಹಣ ಹೊಂದಿಸಿದರು. ಆಲ್ಬಂ ಒಂದು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ದೊಡ್ಡ ಕಂಪನಿಗಳ ಲೆಕ್ಕದಲ್ಲಿ ಇದು ಸಣ್ಣ ಸಂಖ್ಯೆ. ನೆಲಮಾಳಿಗೆಯ ಲೆಕ್ಕದಲ್ಲಿ ಅಭೂತಪೂರ್ವ. ಈ ಗಳಿಕೆಯ ಬೆನ್ನಿಗೇ ವೇಗ್ರಂಟ್ ಬೆಳೆದು, ‘ಡ್ಯಾಶ್‌ಬೋರ್ಡ್ ಕನ್ಫೆಷನಲ್’ ಮುಂತಾದವರನ್ನು ಸೇರಿಸಿಕೊಂಡು, 2000ರ ದಶಕದ ಆರಂಭದಲ್ಲಿ ಇಂಟರ್‌ಸ್ಕೋಪ್ ಎಂಬ ದೊಡ್ಡ ಕಂಪನಿಯ ಪಾಲುದಾರಿಕೆಯನ್ನೂ ಪಡೆಯಿತು. 2001ರಲ್ಲಿ ‘ವೀಝರ್’ ತಂಡದ ಪ್ರವಾಸದಲ್ಲಿ ‘ದಿ ಗೆಟ್ ಅಪ್ ಕಿಡ್ಸ್’ ಬೃಹತ್ ಸಭಾಂಗಣಗಳಲ್ಲಿ ಹಾಡಿತು.

ಇಲ್ಲಿ ‘ಸ್ವತಂತ್ರ’ ಎಂಬ ಮಾತನ್ನು ಬಿಡಿಸಿ ನೋಡಬೇಕಾಗುತ್ತದೆ. ದೊಡ್ಡ ಬಂಡವಾಳದಿಂದ ಬಿಡುಗಡೆ ಪಡೆದ ತಂಡ ಸಣ್ಣ ಸಣ್ಣ ನಂಟುಗಳಿಗೆ ಹೆಚ್ಚು ಹೆಚ್ಚು ಅಧೀನವಾಗುತ್ತದೆ: ಮಲಗಲು ಜಾಗ ಕೊಟ್ಟವರಿಗೆ, ಬಾಗಿಲಲ್ಲಿ ಐದು ಡಾಲರ್ ತೆತ್ತವರಿಗೆ, ಅಂಗಿ ಮತ್ತು ಮುದ್ರಿಕೆ ಕೊಂಡು ಮುಂದಿನ ಊರಿನ ಪೆಟ್ರೋಲಿಗೆ ದಾರಿ ಮಾಡಿದವರಿಗೆ, ಒಂದು ಮನೆಯ ಅಡವಿಗೆ. ಕಂಪನಿಯ ಒಪ್ಪಂದಕ್ಕೆ ಅವಧಿಯಿರುತ್ತದೆ. ಈ ಋಣಗಳಿಗೆ ಅವಧಿಯಿಲ್ಲ.

6. ಕೇಳದ ದನಿ

ಈ ಸಮುದಾಯವನ್ನು ಆದರ್ಶವೆಂದು ಚಿತ್ರಿಸುವುದು ತಪ್ಪಾಗುತ್ತದೆ. 2003ರಲ್ಲಿ ವಿಮರ್ಶಕಿ ಜೆಸ್ಸಿಕಾ ಹಾಪರ್ ‘ಪಂಕ್ ಪ್ಲಾನೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇಮೋ ಹಾಡುಗಳ ಹೆಣ್ಣು ಎಲ್ಲಿದ್ದಾಳೆಂದು ಕೇಳಿದರು. ಹುಡುಗರ ದುಃಖಕ್ಕೆ ಕಾರಣವಾಗಿ, ಅವರ ಸ್ಫೂರ್ತಿಯಾಗಿ, ಅವರ ಆಪಾದನೆಗೆ ಗುರಿಯಾಗಿ ಮಾತ್ರ ಅವಳು ಬರುತ್ತಾಳೆ; ಅವಳಿಗೆ ಹೆಸರಿಲ್ಲ, ಬದುಕಿಲ್ಲ, ಮರುಮಾತಿಲ್ಲ ಎಂಬುದು ಹಾಪರ್ ಅವರ ವಾದದ ತಿರುಳು. ಆ ವಲಯದೊಳಗೇ ಬೆಳೆದವರ ಮಾತಾದ್ದರಿಂದ ಅದಕ್ಕೆ ತೂಕವಿದೆ.

ಈ ತಂಡದ ಹಾಡುಗಳೂ ಆ ಆಕ್ಷೇಪಕ್ಕೆ ಹೊರತಲ್ಲ. ಮನೆಯಲ್ಲಿ ಉಳಿದ ಹುಡುಗಿಯನ್ನು ಉದ್ದೇಶಿಸಿದ ಹಾಡುಗಳು ಅನೇಕವಿವೆ. ಅವಳು ಏನನ್ನು ಹೇಳಿದಳೆಂಬುದು ಹಾಡುವವನ ವರದಿಯಲ್ಲಿ ಮಾತ್ರ ದೊರೆಯುತ್ತದೆ. ಕನ್ನಡದ ಬೀಸುವ ಪದಗಳಲ್ಲಿ ತವರನ್ನು ಅಗಲಿದವಳೇ ಅಗಲಿಕೆಯನ್ನು ಹಾಡುತ್ತಾಳೆ. ಅಲ್ಲಿ ನೋವನ್ನು ಉಂಡವಳ ಕೈಯಲ್ಲೇ ಹಾಡಿನ ಒಡೆತನವಿದೆ. ಇಮೋದಲ್ಲಿ ಹೊರಟವನು ಹಾಡುತ್ತಾನೆ, ಉಳಿದವಳು ಕೇಳುತ್ತಾಳೆ. ಆದರೂ ಪ್ರದರ್ಶನದ ಸಂದರ್ಭ ಪಠ್ಯಕ್ಕಿಂತ ಸಂಕೀರ್ಣವಾದುದು. ಸಭಾಂಗಣದಲ್ಲಿ ಸೇರಿದ ಹುಡುಗಿಯರು ಅದೇ ಪಲ್ಲವಿಯನ್ನು ಹಾಡಿದಾಗ ಉತ್ತಮ ಪುರುಷದ ‘ನಾನು’ ಅವರದೂ ಆಗುತ್ತದೆ. ಪಠ್ಯ ನಿರಾಕರಿಸಿದ ಸ್ಥಾನವನ್ನು ಪ್ರದರ್ಶನದಲ್ಲಿ ಕಸಿದುಕೊಂಡ ಬಗೆಯಿದು. ಆದರೆ ಕಸಿದುಕೊಂಡದ್ದು ಕೊಟ್ಟದ್ದಕ್ಕೆ ಸಮನಲ್ಲ. ವೇದಿಕೆಯ ಮೇಲೆ ಗಿಟಾರ್ ಹಿಡಿದವರು ಬಹುಕಾಲ ಹುಡುಗರೇ ಆಗಿದ್ದರೆಂಬ ಸಂಗತಿಯನ್ನು ಕೂಡುಹಾಡಿನ ಸಂಭ್ರಮ ಮರೆಸಬಾರದು.

7. ನಿರಾಕರಣೆ ಮತ್ತು ಮರಳುವಿಕೆ

1929ರಲ್ಲಿ ರೋಮನ್ ಯಾಕೋಬ್ಸನ್ ಮತ್ತು ಪ್ಯೋತರ್ ಬೊಗಾತಿರೆವ್ ಜಾನಪದ ಸೃಷ್ಟಿಯ ಬಗ್ಗೆ ಒಂದು ಮುಖ್ಯ ವಿಚಾರವನ್ನು ಮಂಡಿಸಿದರು. ಸಮುದಾಯ ಒಪ್ಪಿಕೊಂಡದ್ದು ಮಾತ್ರ ಜಾನಪದವಾಗಿ ಉಳಿಯುತ್ತದೆ. ಒಪ್ಪದ್ದು ಹುಟ್ಟಿದಲ್ಲಿಯೇ ಅಳಿಯುತ್ತದೆ. ಸಮುದಾಯ ಹೀಗೆ ಸೃಷ್ಟಿಯ ಮೇಲೆ ಮುಂಗಡ ನಿಯಂತ್ರಣ ನಡೆಸುತ್ತದೆ ಎಂಬುದು ಅದರ ಸಾರ. ಲಿಖಿತ ಸಾಹಿತ್ಯಕ್ಕೆ ಈ ನಿಯಮ ಅನ್ವಯಿಸದು. ತಿರಸ್ಕೃತ ಪುಸ್ತಕ ಕಪಾಟಿನಲ್ಲಿ ಉಳಿದು ಮುಂದೊಂದು ದಿನ ಓದುಗರನ್ನು ಪಡೆಯಬಹುದು. ‘ದಿ ಗೆಟ್ ಅಪ್ ಕಿಡ್ಸ್’ ಈ ಎರಡು ಲೋಕಗಳ ನಡುವೆ ಸಿಕ್ಕಿಕೊಂಡಿತು.

2002ರಲ್ಲಿ ತಂಡ ‘ಆನ್ ಎ ವೈರ್’ ಆಲ್ಬಮನ್ನು ಹೊರತಂದಿತು. ‘ಆರ್.ಇ.ಎಂ.’ ತಂಡದೊಡನೆ ಹೆಸರು ಮಾಡಿದ್ದ ಸ್ಕಾಟ್ ಲಿಟ್ ಅದರ ನಿರ್ಮಾಪಕರು. ವೇಗ ತಗ್ಗಿತು, ಕೂಗು ಮಾಯವಾಯಿತು, ಮರದ ಗಿಟಾರಿನ ಮೆಲುದನಿ ಮುಂದೆ ಬಂತು. ಹದಿಹರೆಯ ದಾಟಿದವರು ಹದಿಹರೆಯದ ಹಾಡನ್ನೇ ಹಾಡುತ್ತಿರಲಾರರೆಂಬುದು ಸಹಜ. ಆದರೆ ಕೇಳುಗರು ಅದನ್ನು ಒಪ್ಪಲಿಲ್ಲ. ಕೂಡಿ ಹಾಡಲು ಬಂದವರಿಗೆ ಕುಳಿತು ಕೇಳುವ ಹಾಡುಗಳು ದೊರೆತಿದ್ದವು. ಹಿಮ್ಮೇಳದ ಸ್ಥಾನದಿಂದ ಅವರನ್ನು ಕೆಳಗಿಳಿಸಿದಂತಾಗಿತ್ತು. ಈ ನಿರಾಕರಣೆಯನ್ನು ಅಭಿರುಚಿಯ ಜಡತೆಯೆಂದು ಕರೆಯುವುದು ಸುಲಭ. ಆದರೆ ಅದು ಒಪ್ಪಂದ ಮುರಿದಾಗ ಎದ್ದ ತಕರಾರು. ತಮ್ಮ ನೆಲಮಾಳಿಗೆ, ತಮ್ಮ ಹಣ, ತಮ್ಮ ದನಿಗಳಿಂದ ಬೆಳೆದ ಹಾಡಿನ ಮೇಲೆ ತಮಗೂ ಹಕ್ಕಿದೆಯೆಂದು ಕೇಳುಗರು ಭಾವಿಸಿದ್ದರು. ಆ ಭಾವನೆ ನಿರಾಧಾರವಾಗಿರಲಿಲ್ಲ. ಬದಲಾಗುವ ಹಕ್ಕು ತಮಗಿದೆಯೆಂದು ಹಾಡಿದವರು ಭಾವಿಸಿದ್ದೂ ನ್ಯಾಯವೇ. ಎರಡು ನ್ಯಾಯಗಳ ನಡುವಿನ ಈ ತಿಕ್ಕಾಟವನ್ನು ಬಗೆಹರಿಸುವ ಸಂಸ್ಥೆ ಆ ಸಮುದಾಯದಲ್ಲಿರಲಿಲ್ಲ.

2004ರಲ್ಲಿ ‘ಗಿಲ್ಟ್ ಶೋ’ ಬಂತು. ಕಾನ್ಸಾಸ್‌ನ ಯುಡೋರಾ ಎಂಬ ಸಣ್ಣ ಊರಿನಲ್ಲಿದ್ದ ಬ್ಲ್ಯಾಕ್ ಲಾಡ್ಜ್ ಸ್ಟುಡಿಯೋದಲ್ಲಿ ಅದರ ಮುದ್ರಣ ನಡೆಯಿತು. 2005ರ ಜುಲೈಯಲ್ಲಿ ಕಾನ್ಸಾಸ್ ಸಿಟಿಯಲ್ಲೇ ಕೊನೆಯ ಕಾರ್ಯಕ್ರಮ ನೀಡಿ ತಂಡ ವಿಸರ್ಜನೆಗೊಂಡಿತು. ವಿಪರ್ಯಾಸವೆಂದರೆ ಅದೇ ವರ್ಷ ಶಿಕಾಗೋ ಹೊರವಲಯದ ‘ಫಾಲ್ ಔಟ್ ಬಾಯ್’ ತಂಡ ಇಮೋ-ಪಾಪ್ ರೂಪದಲ್ಲೇ ರಾಷ್ಟ್ರವ್ಯಾಪಿ ಯಶಸ್ಸು ಗಳಿಸಿತು. ಆ ತಂಡದ ಪೀಟ್ ವೆಂಟ್ಜ್ ‘ದಿ ಗೆಟ್ ಅಪ್ ಕಿಡ್ಸ್’ ಇಲ್ಲದಿದ್ದರೆ ತಮ್ಮ ತಂಡವೇ ಇರುತ್ತಿರಲಿಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡರು. ಇತ್ತ ಸಪ್ಟಿಕ್ 2009ರಲ್ಲಿ ಹೊಸ ಪೀಳಿಗೆಯ ಇಮೋ ಬಗ್ಗೆ ಮಾತನಾಡುತ್ತ, ಇದು ತಾವು ಕಟ್ಟಿದ ಲೋಕವೇ ಆಗಿದ್ದರೆ ಕ್ಷಮೆಯಿರಲಿ ಎಂಬ ಅರ್ಥದ ಮಾತನ್ನು ಆಡಿದರು. ಶಿಷ್ಯ ಋಣವನ್ನು ನೆನೆಯುವುದು, ಗುರು ಶಿಷ್ಯತ್ವವನ್ನು ಒಪ್ಪದಿರುವುದು ಎಲ್ಲ ಪರಂಪರೆಗಳಲ್ಲೂ ಕಾಣುವ ಸಂಗತಿ.

ಎರಡನೆಯ ಆಲ್ಬಮಿಗೆ ಹತ್ತು ವರ್ಷ ತುಂಬಿದ ಸಂದರ್ಭದಲ್ಲಿ ತಂಡ ಮತ್ತೆ ಒಂದಾಯಿತು. 2011ರಲ್ಲಿ ‘ದೇರ್ ಆರ್ ರೂಲ್ಸ್’ ಆಲ್ಬಮನ್ನು ಸ್ವಂತ ಸಂಸ್ಥೆಯಿಂದಲೂ 2019ರಲ್ಲಿ ‘ಪ್ರಾಬ್ಲಮ್ಸ್’ ಆಲ್ಬಮನ್ನು ಇಲಿನಾಯ್ ಮೂಲದ ಪಾಲಿವಿನೈಲ್ ಎಂಬ ಸ್ವತಂತ್ರ ಸಂಸ್ಥೆಯಿಂದಲೂ ತಂದಿತು. 2024ರಲ್ಲಿ 1999ರ ಆಲ್ಬಮಿನ ಇಪ್ಪತ್ತ‌ೈದನೆಯ ವರ್ಷದ ನೆಪದಲ್ಲಿ ಅದರ ಹಾಡುಗಳನ್ನು ಹೊತ್ತು ಮತ್ತೆ ಪ್ರವಾಸ ಹೊರಟಿತು. ನಲವತ್ತರ ಅಂಚಿನ ಕೇಳುಗರು ಹದಿನೇಳರ ಹಾಡುಗಳನ್ನು ಕೂಡಿ ಹಾಡುವ ಈ ಕೂಟಗಳು ಕಾಲಾವರ್ತಿ ಆಚರಣೆಗಳ ಗುಣವನ್ನು ಪಡೆದಿವೆ. ಹಾಡಿದವರೂ ಕೇಳುವವರೂ ಬದಲಾಗಿದ್ದಾರೆ. ಬದಲಾಗದಿರುವುದು ಪಲ್ಲವಿ ಮಾತ್ರ.

8. ಉಪಸಂಹಾರ

ಇಮೋ-ಪಾಪ್ ಜಾನಪದವೇ ಎಂಬ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂದು ಉತ್ತರಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅದರ ಹಾಡುಗಳಿಗೆ ಕರ್ತೃವಿದ್ದಾನೆ, ಹಕ್ಕುಸ್ವಾಮ್ಯವಿದೆ, ಮುದ್ರಿತ ಪಾಠವಿದೆ. ಆ ಅರ್ಥದಲ್ಲಿ ಅದು ಜಾನಪದವಲ್ಲ. ಆದರೆ ಅದರ ಹುಟ್ಟು, ಸಂಚಾರ, ಒಪ್ಪಿಗೆ, ನಿರಾಕರಣೆಗಳು ನಡೆದ ಬಗೆಯನ್ನು ಜಾನಪದದ ಪರಿಕಲ್ಪನೆಗಳಷ್ಟು ಚೆನ್ನಾಗಿ ಬೇರಾವ ಪರಿಕರವೂ ವಿವರಿಸಲಾರದು. ಪೇಟೆ ಬಂದು ಸಮುದಾಯದ ಹಾಡನ್ನು ಕೆಡಿಸಿತೆಂಬ ಪರಿಚಿತ ವಾದ ಇಲ್ಲಿ ನಿಲ್ಲುವುದಿಲ್ಲ. ಪ್ರತಿಭೆಯಿದ್ದವರು ತಾವಾಗಿಯೇ ಮೇಲೇರಿದರೆಂಬ ವಾದವೂ ನಿಲ್ಲುವುದಿಲ್ಲ. ನೆಲಮಾಳಿಗೆಯಲ್ಲಿ ಸೇರಿದವರು ದನಿಗೂಡಿಸಿದ್ದರಿಂದ ಹಾಡು ಎದ್ದು ನಿಂತಿತು. ದನಿಗೂಡಿಸಲು ಎಡೆಯಿಲ್ಲವೆಂದು ಅವರಿಗೆ ತೋರಿದಾಗ ಕುಸಿಯಿತು. ಮತ್ತೆ ಅವರೇ ಕರೆದಾಗ ಮರಳಿತು.

ಕರ್ನಾಟಕದ ಜಾನಪದ ಕಲಾವಿದರು ಇಂದು ಧ್ವನಿಮುದ್ರಿಕೆ, ವೇದಿಕೆ, ಪ್ರಶಸ್ತಿ, ಪ್ರಾಯೋಜಕರ ಲೋಕವನ್ನು ಎದುರಿಸುತ್ತಿದ್ದಾರೆ. ಅವರ ಹಾಡು ಉಳಿಯುವುದೇ ಎಂಬ ಆತಂಕ ವ್ಯಾಪಕವಾಗಿದೆ. ಹಾಡನ್ನು ಮುದ್ರಿಸಿ ಕಾಪಿಡುವುದಕ್ಕೆ ದೊರೆತ ಗಮನ, ಆ ಹಾಡಿಗೆ ಸೊಲ್ಲು ಹಿಡಿಯುವವರು ಎಲ್ಲಿದ್ದಾರೆ, ಅವರು ಕೂಡುವ ಜಾಗ ಯಾವುದು ಎಂಬುದಕ್ಕೆ ದೊರೆತಿಲ್ಲ. ಕಾನ್ಸಾಸ್ ಸಿಟಿಯ ತಂಡದ ಚರಿತ್ರೆ ಈ ಬಗ್ಗೆ ಒಂದು ಎಚ್ಚರವನ್ನು ಹೇಳುತ್ತದೆ. ಹಾಡುವವರಿಗೆ ವೇದಿಕೆ ಕೊಡುವುದಷ್ಟೇ ಸಾಲದು. ಕೂಡಿ ಹಾಡುವವರು ವೇದಿಕೆಯಿಂದ ಒಂದು ಮೊಳದ ದೂರದಲ್ಲಿರಬೇಕು.